ಗುಹೆಯ ಬಾಗಿಲಿನ ಗಿಡ

ಮೊನ್ನೆ ಚಿಕ್ಕಮಗಳೂರಿನಿಂದ ಕೃತಿಕಾ ಎಂಬ ಹುಡುಗಿ ಫೋನು ಮಾಡಿದ್ದಳು. ಕಾಲೇಜಿನಲ್ಲಿ ಓದುತ್ತಾಳಂತೆ, ಇಂಟರ್‌ನೆಟ್ಟಿನಲ್ಲಿ ಬ್ಲಾಗ್ ಬರೆಯುತ್ತಾಳಂತೆ. ಚಿಕ್ಕವಳಿದ್ದಾಗ ಟೀವಿಯಲ್ಲಿ ನೋಡಿದ ಒಂದು ಕಾರ್ಟೂನ್ ಧಾರಾವಾಹಿಯ ಹುಚ್ಚು ಅವಳಿಗೆ ಇನ್ನೂ ಬಿಟ್ಟಿಲ್ಲ. ಅದರ ಒಂದೊಂದು ಕಂತನ್ನೂ ಹಿಡಿದು, ತೆರೆಯ ಹಿಂದೆ ಏನೇನು ನಡೆಯಿತು ಎಂದು ಪಟ್ಟಿ ಮಾಡುತ್ತಿದ್ದಾಳೆ. ‘ಕಲ್ಲಾದ ತಮ್ಮ’ ಎಂಬ ಹನ್ನೊಂದನೆಯ ಕಂತಿನ ಕೊನೆಯಲ್ಲಿ ಓಡುವ ಸಣ್ಣ ಅಕ್ಷರಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿ, ಅದರಲ್ಲಿ ‘ಚೆಕರ್: ಮೇಘಶ್ರೀ, ಮೂಡಿಗೆರೆ’ ಎಂದಿದ್ದನ್ನು ಕಂಡು ನನ್ನ ನಂಬರು ಹುಡುಕಿದ್ದಾಳೆ. ಒಂಬತ್ತು ವರ್ಷದ ಮೇಲೆ ನನ್ನನ್ನು ಯಾರೋ ಚೆಕರ್ ಎಂದು ಕರೆದರು. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನು, ಖುಷಿಯಾಯಿತು.

“ಮೇಡಂ, ಗುಹೆ ಬಾಗ್ಲಲ್ಲಿ ಒಂದು ಗಿಡ ಇದೆಯಲ್ಲ, ಅದ್ರಲ್ಲಿ ಹೂವು, ಕಾಯಿ, ಹಣ್ಣು ಮೂರೂ ಒಟ್ಟಿಗೇ ಇರುತ್ತೆ. ಅದು ಹಿಂದಿನ ಕಾಲ, ಈಗಿನ ಕಾಲ, ಮುಂದಿನ ಕಾಲದ ಸಂಕೇತ ಅಂತ ಬರ್ದಿದೀನಿ. ಸರಿ ತಾನೆ?”

ನಾನು ನಕ್ಕ ಜೋರಿಗೆ ಜಗಲಿಯಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು.

“ಹಾಗಾದ್ರೆ ಕೊನೇ ಸೀನಲ್ಲಿ ಮಾತ್ರ ಯಾಕೆ ಬರೀ ಹೂವು?” ಎಂದು ಅವಳು ಬಿಡದೆ ಕೇಳಿದಳು. ಆಗ ನನ್ನ ನಗು ನಿಂತಿತು. ಇದು ಫೋನಿನಲ್ಲಿ ಹೇಳುವ ಸಂಗತಿಯಲ್ಲ, ಬರೆದು ಕಳಿಸುತ್ತೇನೆ ಎಂದೆ. ಬರೆದದ್ದು ಇದು. ಸಂಕೇತ ಗಿಂಕೇತ ಹುಡುಕಿಕೊಂಡು ಬಂದವರಿಗೆ ಇದರಲ್ಲಿ ಏನೂ ಸಿಗುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ನನ್ನ ದೊಡ್ಡಪ್ಪನ ಮಗ ಶಶಿಧರ್ ಬೊಂಬಾಯಿಯ ಕಾರ್ಟೂನ್ ಕಂಪೆನಿಯೊಂದರಲ್ಲಿ ಎಂಟು ವರ್ಷ ಕೆಲಸ ಮಾಡಿ ತೊಂಬತ್ತೆಂಟರಲ್ಲಿ ಊರಿಗೆ ಬಂದ. ಬಂದವನು ತೋಟ ನೋಡಿಕೊಳ್ಳಲಿಲ್ಲ. ಮೂಡಿಗೆರೆಯಲ್ಲಿ ಖಾಲಿ ಬಿದ್ದಿದ್ದ ಒಂದು ಕಾಫಿ ಗೋಡೌನಿಗೆ ಸುಣ್ಣ ಹೊಡೆಸಿ, ಉದ್ದುದ್ದ ಮೇಜು ಹಾಕಿಸಿ, ಬಣ್ಣದ ಬಾಟಲಿ ಜೋಡಿಸಿಕೊಂಡು ಕೂತ. ಜನ ಅವನಿಗೆ ತಲೆ ಕೆಟ್ಟಿದೆ ಎಂದರು. ಬಿ.ಎ. ಮುಗಿಸಿ ಮನೆಯಲ್ಲಿ ಕೂತು ಎಲ್ಲರ ಮೇಲೂ ರೇಗುತ್ತಿದ್ದ ನಾನು ಅವನ ಜೊತೆ ಸೇರಿಕೊಂಡೆ.

ಮದ್ರಾಸಿನ ಒಂದು ದೊಡ್ಡ ಕಂಪೆನಿ ಆ ಧಾರಾವಾಹಿಯನ್ನು ಮಾಡುತ್ತಿತ್ತು. ಅದರ ಒಂದು ಕಂತಿನ ಹಿನ್ನೆಲೆ ಚಿತ್ರಗಳು ನಮ್ಮ ಪಾಲಿಗೆ ಬಂದವು. ಗೊಂಬೆಗಳು ಓಡುವುದು, ಮಾತಾಡುವುದು ಎಲ್ಲ ಮದ್ರಾಸಿನವರ ಕೆಲಸ. ಅವುಗಳ ಹಿಂದೆ ಕಾಣುವ ಕಾಡು, ಗುಡ್ಡ, ಗುಹೆಗಳನ್ನು ದಪ್ಪ ಕಾಗದದ ಮೇಲೆ ಪೋಸ್ಟರ್ ಬಣ್ಣದಲ್ಲಿ ಬರೆಯುವುದು ನಮ್ಮದು. ಒಟ್ಟು ಅರವತ್ತನಾಲ್ಕು ಚಿತ್ರ. ಪೆನ್ಸಿಲಿನ ಗೆರೆಗಳು ಅಲ್ಲಿಂದ ಕೊರಿಯರಿನಲ್ಲಿ ಬರುತ್ತಿದ್ದವು, ಬಣ್ಣ ತುಂಬಿ ನಾವು ಕೊಡಬೇಕು. ಒಂದೊಂದನ್ನೂ ಪೆನ್ಸಿಲ್ ಗೆರೆಯ ಜೊತೆ ಹೋಲಿಸಿ ನೋಡಿ, ಸರಿಯಿದ್ದರೆ ಹಿಂಬದಿಯಲ್ಲಿ ‘ಓಕೆ, ಮೇ’ ಎಂದು ಸೈನ್ ಹಾಕುವುದು ನನ್ನ ಕೆಲಸ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ. ಹಾಗಂತ ನಾನು ತಿಳಿದುಕೊಂಡಿದ್ದೆ.

ಬರೆಯುವವಳು ಕರೀಮುನ್ನೀಸಾ. ಹತ್ತೊಂಬತ್ತು ವರ್ಷ. ಅವಳ ತಂದೆ ನಜೀರ್ ಸಾಬರದು ಬಸ್ ಸ್ಟ್ಯಾಂಡಿನ ಕೆಳಗೆ ಜೀಪ್ ರಿಪೇರಿಯ ಗ್ಯಾರೇಜು. ಟಿಂಕರಿಂಗು, ಪೇಂಟಿಂಗು ಎಲ್ಲ ಅವರೇ ಮಾಡುತ್ತಿದ್ದರು. ಜೀಪುಗಳ ಹಿಂದೆ ಗಿಳಿ, ಗುಲಾಬಿ, ಎಸ್ಟೇಟಿನ ಹೆಸರು ಬರೆಯುತ್ತಿದ್ದದ್ದು ಮಾತ್ರ ಈ ಹುಡುಗಿ. ಅಂಥ ಒಂದು ಗಿಳಿಯನ್ನು ನೋಡಿ ಶಶಿಯಣ್ಣ ಆ ಜೀಪಿನ ಹಿಂದೆಯೇ ಹೋಗಿ ಗ್ಯಾರೇಜು ಹುಡುಕಿದ್ದ.

ನಜೀರ್ ಸಾಬರು ಸುಲಭಕ್ಕೆ ಒಪ್ಪಲಿಲ್ಲ. ಗ್ಯಾರೇಜಿನಲ್ಲಿ ತಮ್ಮ ಕಣ್ಣೆದುರು ಬರೆಯುವುದು ಬೇರೆ, ಬೇರೆಯವರ ಗೋಡೌನಿಗೆ ಹೋಗಿ ಕೂರುವುದು ಬೇರೆ ಎಂದರು. ನಾನು ಹೋಗಿ, “ನಾನು ಇರ್ತೀನಲ್ಲ ಸಾಬ್ರೆ, ಅವಳ ಜವಾಬ್ದಾರಿ ನಂದು” ಎಂದೆ. ಕೊನೆಗೆ ಒಂದು ಮಾತಿಗೆ ಬಂದರು. ಈ ಒಂದು ಕಂತು ಮುಗಿಯಲಿ. ಮುಗಿದ ಮೇಲೆ ತಾವೇ ಬಂದು ನೋಡುತ್ತಾರೆ. ಸರಿಯಾದ ಕೆಲಸ ಅನ್ನಿಸಿದರೆ ಮುಂದುವರಿಯಬಹುದು, ಇಲ್ಲದಿದ್ದರೆ ಅವಳು ಮನೆಯಲ್ಲಿರುತ್ತಾಳೆ, ಮತ್ತೆ ಯಾರೂ ಕೇಳಬಾರದು. ಸಂಜೆ ಆರಕ್ಕೆ ಮನೆ ಸೇರಬೇಕು ಎಂಬುದು ಬೇರೆ.

ಆ ಹುಡುಗಿಗೆ ಆ ಮೇಜು ಎಷ್ಟು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ಬೆಳಿಗ್ಗೆ ಬಂದವಳು ಮೊದಲು ಬ್ರಶ್ಶುಗಳನ್ನೆಲ್ಲ ಗಾಜಿನ ಭರಣಿಯಿಂದ ತೆಗೆದು ಸಾಲಾಗಿ ಇಡುತ್ತಿದ್ದಳು, ಸಂಜೆ ತೊಳೆದು ಮತ್ತೆ ಭರಣಿಗೆ ಹಾಕುತ್ತಿದ್ದಳು. ಹನ್ನೊಂದು ಬ್ರಶ್ಶೂ ಅವಳದೇ, ಅವಳ ತಂದೆ ಕೊಡಿಸಿದ್ದು. ಮನೆಗೆ ಮಾತ್ರ ಒಂದು ದಿನವೂ ಒಯ್ಯಲಿಲ್ಲ. ಒಯ್ದರೆ ಮತ್ತೆ ವಾಪಸು ಬರುವುದಿಲ್ಲವೇನೋ ಎಂಬ ಭಯ ಎಂದು ಒಂದು ಸಲ ನನ್ನ ಹತ್ತಿರ ಹೇಳಿದ್ದಳು.

ಶಶಿಯಣ್ಣನದು ಒಂದೇ ಕಟ್ಟಪ್ಪಣೆ. “ನೋಡಿ ಬರಿ. ತಲೆಯಿಂದ ಬರೆದ ಗಿಡ ಎಲ್ಲಾ ಒಂದೇ ಥರ ಇರ್ತವೆ. ಕಿಟಕಿ ಆಚೆ ನೋಡು, ಇದ್ದ ಹಾಗೇ ಬರಿ.” ಗೋಡೌನಿನ ಕಿಟಕಿಯಾಚೆ ಇದ್ದದ್ದು ಪಕ್ಕದವರ ಅರೇಬಿಕಾ ಕಾಫಿ ತೋಟ.

ಈಗ ಕಥೆಯನ್ನೂ ಸ್ವಲ್ಪ ಹೇಳಬೇಕು. ನೀಲಿ ಎಂಬ ಹುಡುಗಿಯ ತಮ್ಮ ಶಾಪದಿಂದ ಗುಹೆಯೊಳಗೆ ಕಲ್ಲಾಗಿರುತ್ತಾನೆ. ಸೂರ್ಯ ಹುಟ್ಟುವಾಗ ಹೊರಟು, ಮುಳುಗುವುದರೊಳಗೆ ಅವಳು ಅವನನ್ನು ಬಿಡಿಸಬೇಕು. ಒಂದು ಕಡೆ ಹೋಗುತ್ತಾಳೆ, ಸೋಲುತ್ತಾಳೆ, ಗುಹೆಯ ಬಾಗಿಲಿಗೆ ಬರುತ್ತಾಳೆ. ಮತ್ತೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಇಡೀ ಕಥೆ ಒಂದೇ ದಿನದ್ದು. ಗುಹೆಯ ಬಾಗಿಲಲ್ಲಿ ಒಂದು ಗಿಡ ಇರಬೇಕೆಂದು ಮದ್ರಾಸಿನವರು ಗೆರೆ ಹಾಕಿದ್ದರು. ಯಾವ ಗಿಡ, ಯಾವ ಬಣ್ಣ ಎಂದು ಬರೆದಿರಲಿಲ್ಲ. ಕರೀಮುನ್ನೀಸಾ ಕಿಟಕಿಯಾಚೆ ನೋಡಿದಳು, ಕಾಫಿ ಗಿಡ ಬರೆದಳು. ಅರವತ್ತನಾಲ್ಕು ಚಿತ್ರದಲ್ಲಿ ಇಪ್ಪತ್ತಮೂರರಲ್ಲಿ ಆ ಗಿಡ ಬರುತ್ತದೆ.

ಡಿಸೆಂಬರಿನಲ್ಲಿ ಶುರುಮಾಡಿದ್ದು ಜೂನಿನಲ್ಲಿ ಮುಗಿಯಿತು. ಗೆರೆಗಳು ಕಥೆಯ ಕ್ರಮದಲ್ಲಿ ಬರುತ್ತಿರಲಿಲ್ಲ. ಅಲ್ಲಿ ಯಾವುದು ತಯಾರಾಯಿತೋ ಅದು ಬರುತ್ತಿತ್ತು. ನಾವೂ ಬಂದದ್ದನ್ನು ಬರೆದು, ಸೈನ್ ಹಾಕಿ, ಪೆಟ್ಟಿಗೆಗೆ ಸೇರಿಸುತ್ತಿದ್ದೆವು. ಶನಿವಾರ ಬೆಳಿಗ್ಗೆ ಮದ್ರಾಸಿನ ಕಾರು ಬಂದು ಪೆಟ್ಟಿಗೆ ಒಯ್ಯುತ್ತದೆ ಎಂದು ಗೊತ್ತಾದ ಮೇಲೆ, ಗುರುವಾರ ಎಲ್ಲವನ್ನೂ ತೆಗೆದು ಮೊದಲ ಬಾರಿಗೆ ಕಥೆಯ ಕ್ರಮದಲ್ಲಿ ಮೇಜುಗಳ ಮೇಲೆ ಜೋಡಿಸಿದೆವು. ಶಶಿಯಣ್ಣ ಈ ತುದಿಯಿಂದ ಆ ತುದಿಗೆ ನಡೆದು, “ಎಂಥಾ ಚಂದ ಬಂದಿದೆ ಮಾರಾಯ್ತಿ!” ಎಂದ. ನಾನೂ ನಡೆದು ನೋಡಿದೆ. ನನಗೂ ಚಂದವೇ ಕಂಡಿತು.

ಹನ್ನೊಂದು ಗಂಟೆಗೆ ನಜೀರ್ ಸಾಬರು ಕೊಡೆ ಮಡಿಸುತ್ತಾ ಒಳಗೆ ಬಂದರು. ಮಾತು ಕೊಟ್ಟ ಹಾಗೆ ನೋಡುವುದಕ್ಕೆ ಬಂದಿದ್ದರು. ಕರೀಮುನ್ನೀಸಾ ಗೋಡೆಗೆ ಒರಗಿ, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಅವರು ಕೈ ಹಿಂದೆ ಕಟ್ಟಿಕೊಂಡು, ಮಾರಾಟಕ್ಕೆ ಬಂದ ಜೀಪನ್ನು ಸುತ್ತಿ ನೋಡುವ ಹಾಗೆ ಮೇಜುಗಳ ಉದ್ದಕ್ಕೂ ಹೋದರು. ಕೊನೆ ಮುಟ್ಟಿದವರು ತಿರುಗಿ ಮೊದಲಿಗೆ ಬಂದರು. ಮತ್ತೊಮ್ಮೆ ಹೋದರು.

“ಮೇಘಮ್ಮ, ಇದು ಎಲ್ಲಾ ಕಡೆ ಇರೋದು ಒಂದೇ ಗಿಡನಾ?”

“ಹೌದು ಸಾಬ್ರೆ.”

“ಎಷ್ಟು ದಿವ್ಸದ ಕಥೆ?”

“ಒಂದೇ ದಿನದ್ದು!” ಎಂದೆ ಜಂಬದಿಂದ.

“ಬೆಳಿಗ್ಗೆ ಸೂರ್ಯ ಹುಟ್ಟುವಾಗ ಹಣ್ಣು. ಇಲ್ಲಿ ಹೂವು. ಮಧ್ಯಾಹ್ನ ಬೋಳು. ಇಲ್ಲಿ ಕಾಯಿ, ಮತ್ತೆ ಹಣ್ಣು. ಇದೆಂಥ ಗಿಡ ಮೇಘಮ್ಮ?”

ನಾನು ನೋಡಿದೆ. ಡಿಸೆಂಬರಿನಲ್ಲಿ ಬರೆದ ಗಿಡದ ತುಂಬ ಕೆಂಪು ಹಣ್ಣು. ಜನವರಿಯ ಕುಯ್ಲು ಮುಗಿದ ಮೇಲಿನದು ಬರೀ ಎಲೆ. ಮಾರ್ಚಿನಲ್ಲಿ ಹೂವು ಅರಳಿಸುವ ಮಳೆ ಬಿದ್ದ ಮೇಲಿನದು ಬೆಳ್ಳಗೆ. ಮೇ ತಿಂಗಳ ನಂತರದವುಗಳಲ್ಲಿ ಹಸಿರು ಕಾಯಿ. ಇದ್ದದ್ದನ್ನು ಇದ್ದ ಹಾಗೆ ಆ ಹುಡುಗಿ ಬರೆದಿದ್ದಳು. ಆರು ತಿಂಗಳು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ನಾನು ಸೈನ್ ಹಾಕಿದ್ದೆ. ಕಾಫಿ ಗಿಡ ಹಾಗೆ ಇರುವುದು ನನಗೆ ತೀರಾ ಸಹಜವಾಗಿತ್ತು. ಮಾರ್ಚಿನಲ್ಲಿ ಹೂವಿಲ್ಲದ ಗಿಡ ಕಂಡಿದ್ದರೆ ಬೇಕಾದರೆ ಕೇಳುತ್ತಿದ್ದೆನೇನೋ!

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ತಪ್ಪು ನನ್ನದಾದಾಗ ಇನ್ನೂ ಬೇಗ ಬರುತ್ತದೆ. “ಕಾಫಿ ಗಿಡ ಇರೋದೇ ಹಾಗೆ ಸಾಬ್ರೆ. ನಿಮಗೆ ತೋಟ ಇಲ್ಲ, ಗೊತ್ತಾಗಲ್ಲ” ಎಂದುಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ತೋಟ ಇಲ್ಲದ್ದಕ್ಕೇ ಕಂಡಿದ್ದಮ್ಮ” ಎಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈ ಮಾತಿಗೆ ನಾನು ಇವತ್ತಿಗೂ ನಾಚುತ್ತೇನೆ.

ಶಶಿಯಣ್ಣ ತಲೆ ಮೇಲೆ ಕೈ ಹೊತ್ತು ಗೋಣಿಚೀಲದ ಅಟ್ಟಿಯ ಮೇಲೆ ಕೂತುಬಿಟ್ಟ. ಒಂದು ಚಿತ್ರ ಬರೆಯಲು ಎರಡು ದಿನ ಬೇಕು. ಇಪ್ಪತ್ತಮೂರನ್ನು ಹೊಸದಾಗಿ ಬರೆಯುವ ಮಾತೇ ಇಲ್ಲ. ಹೀಗೇ ಕಳಿಸಿದರೆ ಮದ್ರಾಸಿನವರು ಪೆಟ್ಟಿಗೆ ತೆರೆದ ಐದು ನಿಮಿಷಕ್ಕೆ ಕಂಡುಹಿಡಿಯುತ್ತಾರೆ. ಮೊದಲ ಕೆಲಸವನ್ನೇ ಕೆಡಿಸಿದವರಿಗೆ ಎರಡನೆಯದನ್ನು ಯಾರು ಕೊಡುತ್ತಾರೆ? ಗೋಡೌನಿಗೆ ಬೀಗ ಬೀಳುತ್ತದೆ. ಅದಕ್ಕಿಂತ ದೊಡ್ಡದು ಬೇರೆ ಇತ್ತು. ಗೋಡೆಗೆ ಒರಗಿದ್ದ ಹುಡುಗಿ ಈಗ ಅಲ್ಲಿರಲಿಲ್ಲ. ಮೂಲೆಯ ನಲ್ಲಿಯ ಹತ್ತಿರ ಹೋಗಿ, ಅವತ್ತು ಇನ್ನೂ ಬಳಸದ ಬ್ರಶ್ಶುಗಳನ್ನು ತೊಳೆಯುತ್ತಿದ್ದಳು.

“ತಪ್ಪು ನಂದು ಅಬ್ಬಾ” ಎಂದಳು ತಂದೆಗೆ, ತಿರುಗದೆ. “ನಾನು ಕಿಟಕಿ ನೋಡ್ಕೊಂಡು ಬರ್ದೆ.”

“ಅವಳದ್ದಲ್ಲ ಸಾಬ್ರೆ. ಹಾಗೆ ಬರಿ ಅಂದವನು ಶಶಿಯಣ್ಣ, ಸರಿ ಇದೆ ಅಂತ ಸೈನ್ ಹಾಕಿದವಳು ನಾನು. ಇಲ್ಲಿ ನೋಡಿ!” ಎಂದು ಚಿತ್ರಗಳನ್ನು ಮಗುಚಿ ಮಗುಚಿ ತೋರಿಸಿದೆ. ಎಲ್ಲದರ ಹಿಂದೆಯೂ ಓಕೆ, ಮೇ. ಅಷ್ಟು ಕೆಟ್ಟದಾಗಿ ನನ್ನ ಹೆಸರು ನನಗೆ ಯಾವತ್ತೂ ಕಂಡಿರಲಿಲ್ಲ.

ನಜೀರ್ ಸಾಬರು ಕಿಟಕಿಯ ಹತ್ತಿರ ಹೋಗಿ ನಿಂತರು. ಹೊರಗೆ ಒಂದೇ ಸಮ ಸುರಿಯುವ ಜಿರಾಪತಿ ಮಳೆ. ಈಗ ‘ನಡಿ ಮನೆಗೆ’ ಅನ್ನುತ್ತಾರೆ ಎಂದು ನಾನು ಕಾದೆ.

“ಈ ಬಣ್ಣದ ಮೇಲೆ ಬಣ್ಣ ಹಿಡಿಯುತ್ತಾ?” ಎಂದು ಕೇಳಿದರು.

“ಹಿಡಿಯುತ್ತೆ” ಎಂದ ಶಶಿಯಣ್ಣ. “ಮೇಲೆ ಹಾಕಬಹುದು. ಇದ್ದಿದ್ದನ್ನ ತೆಗೆಯೋಕಾಗಲ್ಲ.”

“ತೆಗೀಬೇಡಿ. ಜೀಪಿನ ಒಂದು ಬಾಗ್ಲಿಗೆ ಬಣ್ಣ ಹೊಂದ್ಲಿಲ್ಲ ಅಂದ್ರೆ ನಾವು ಆ ಬಾಗ್ಲ ಹಿಂದೆ ಬೀಳಲ್ಲ. ಮೂರು ಸಲ ಹೊಡೆದ್ರೂ ಅದು ಹೊಂದಲ್ಲ. ಇಡೀ ಗಾಡಿಗೇ ಅದೇ ಬಣ್ಣ ಹೊಡೀತೀವಿ.”

“ಇಲ್ಲಿ ಯಾವ ಬಣ್ಣ ಅಂತ ಹೊಡೆಯೋದು?”

“ಎಲ್ಲಾದೂ. ಹೂವಿದ್ದ ಕಡೆ ಹಣ್ಣು ಹಾಕಿ, ಹಣ್ಣಿದ್ದ ಕಡೆ ಹೂವು ಹಾಕಿ, ಕಾಯಿನೂ ಹಾಕಿ. ಎಲ್ಲಾ ಗಿಡನೂ ಒಂದೇ ಥರ ಆಯ್ತಲ್ಲ.”

ಶಶಿಯಣ್ಣ ಅಟ್ಟಿಯ ಮೇಲಿನಿಂದಲೇ ತಲೆಯೆತ್ತಿದ. “ಹೂವು, ಹಣ್ಣು ಒಟ್ಟಿಗೆ ಇದ್ರೆ ಯಾರು ನಂಬ್ತಾರೆ ಸಾಬ್ರೆ?”

ಆಗ ಮಾತಾಡಿದ್ದು ದ್ಯಾವಮ್ಮ. ಮೂವತ್ತು ವರ್ಷ ತೋಟಗಳಲ್ಲಿ ಕಾಫಿ ಕುಯ್ದು, ಸೊಂಟ ಹಿಡಿದ ಮೇಲೆ ನಮ್ಮಲ್ಲಿ ಕಸ ಗುಡಿಸಿ ಕಾಫಿ ಮಾಡಿಕೊಡುತ್ತಿದ್ದಳು. ಲೋಟಗಳ ತಟ್ಟೆ ಹಿಡಿದುಕೊಂಡು ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಯಾಕ್ ನಂಬಲ್ಲ? ಹೊತ್ತಲ್ಲದ ಹೊತ್ನಲ್ಲಿ ಮಳೆ ಹೊಡೆದ ವರ್ಷ ನಾನೇ ಕಂಡಿದೀನಿ ಅಯ್ಯ. ಒಂದೇ ರೆಂಬೇಲಿ ಹೂವು, ಕಾಯಿ, ಹಣ್ಣು. ಹಣ್ಣಿಗೆ ಕೈ ಹಾಕಿದ್ರೆ ಹೂವು ಉದುರೋದು, ಮೇಸ್ತ್ರಿ ಬಯ್ಯೋನು. ನೋಡೋಕೆ ಮಾತ್ರ ದೇವ್ರ ಗಿಡ ಇದ್ದಂಗಿತ್ತು.”

ಆಮೇಲೆ ಶಶಿಯಣ್ಣ ಎದ್ದು ನಿಂತ. ಮಾಯದ ಕಾಡು, ಶಾಪದ ಗುಹೆ, ಅದರ ಬಾಗಿಲಿಗೆ ಇಂಥ ಗಿಡ ಅಲ್ಲದೆ ಇನ್ನೆಂಥದು ಇರಬೇಕು ಎಂದು ತಾನೇ ಮೊದಲಿನಿಂದ ಯೋಚಿಸಿದ್ದವನ ಹಾಗೆ ಹೇಳತೊಡಗಿದ. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಕೂತಳು ಕರೀಮುನ್ನೀಸಾ. ಗಿಡದಲ್ಲಿ ಏನಿಲ್ಲವೋ ಅದನ್ನು ಸೇರಿಸುತ್ತಾ ಹೋಗುವುದು. ಹೂವಿಗೆ ಸಣ್ಣ ಬ್ರಶ್ಶು, ಹಣ್ಣಿಗೆ ದುಂಡು ಬ್ರಶ್ಶು. ನಾನು ಪಕ್ಕದಲ್ಲೇ ಕೂತು, ಯಾವ ರೆಂಬೆಗೆ ಎಷ್ಟು ಎಂದು ಒಂದು ನಕ್ಷೆ ಮಾಡಿ, ಪ್ರತಿಯೊಂದಕ್ಕೂ ಅದನ್ನೇ ಹಿಡಿದು ಹೋಲಿಸುತ್ತಾ ಹೋದೆ. ಬಣ್ಣ ಒಣಗುವುದೇ ದೊಡ್ಡ ತಾಪತ್ರಯವಾಯಿತು. ಜೂನಿನಲ್ಲಿ ಮೂಡಿಗೆರೆಯಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ. ಮಧ್ಯಾಹ್ನ ನಜೀರ್ ಸಾಬರು ಗ್ಯಾರೇಜಿನಲ್ಲಿ ಪೇಂಟು ಒಣಗಿಸುವ ದೊಡ್ಡ ಬಲ್ಬುಗಳನ್ನು ತಂದು ಮೇಜಿನ ಮೇಲೆ ಕಟ್ಟಿಕೊಟ್ಟು, ಎಷ್ಟು ಎತ್ತರದಲ್ಲಿದ್ದರೆ ಬಣ್ಣ ಬಿರುಕು ಬಿಡುವುದಿಲ್ಲ ಎಂದು ಗೇಣು ಅಳೆದು ತೋರಿಸಿ ಹೋದರು. ಅವಳ ವಿಷಯ ಏನು ತೀರ್ಮಾನ ಮಾಡಿದಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಸಂಜೆ ಆರಕ್ಕೆ ಸರಿಯಾಗಿ ಅವಳು ಎದ್ದು ಹೊರಟಳು. ಒಂಬತ್ತು ಚಿತ್ರ ಮುಗಿದಿತ್ತು.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ, ಗ್ಯಾರೇಜಿನ ಬಾಗಿಲು ಎಳೆದು ನಜೀರ್ ಸಾಬರು ಮತ್ತೆ ಬಂದರು. ಸ್ಟೂಲು ಹಾಕಿಕೊಂಡು ಮಗಳ ಎದುರು ಕೂತು, ಮುಗಿದ ಒಂದೊಂದು ಚಿತ್ರವನ್ನೂ ಎರಡು ಕೈಯಲ್ಲಿ ಎತ್ತಿ ಬಲ್ಬಿನ ಕೆಳಗೆ ಇಟ್ಟು, ಒಣಗಿದ್ದನ್ನು ತೆಗೆದರು. ಗ್ರೀಸು ಹತ್ತಿದ ಕೈ ಎಂದು ಎರಡು ಸಲ ಸೋಪು ಹಾಕಿ ತೊಳೆದುಕೊಂಡಿದ್ದರು. ಅಪ್ಪ ಮಗಳು ಮಾತಾಡಿದ್ದು ಕಡಿಮೆ. “ಇದು ಒಣಗ್ತು.” “ಇದು ಇನ್ನೂ ಹಸಿ ಅಬ್ಬಾ.” ಅಷ್ಟೆ.

ಐದೂವರೆಗೆ ಉಳಿದದ್ದು ಒಂದೇ ಚಿತ್ರ, ಅರವತ್ತನಾಲ್ಕನೆಯದು. ಶಾಪ ಕಳೆದು, ನೀಲಿ ತಮ್ಮನ ಕೈ ಹಿಡಿದು ಗುಹೆಯಿಂದ ಹೊರಬರುವ ಕೊನೆಯ ಸೀನಿನದು. ಅದರಲ್ಲಿ ಗಿಡದ ತುಂಬ ಮಾರ್ಚಿನ ಬಿಳಿ ಹೂವು. ಕರೀಮುನ್ನೀಸಾ ಬ್ರಶ್ಶಿಗೆ ಕೆಂಪು ತೆಗೆದುಕೊಂಡಳು.

“ಅದನ್ನ ಮುಟ್ಬೇಡ” ಎಂದರು ನಜೀರ್ ಸಾಬರು.

ಇಬ್ಬರೂ ಅವರ ಮುಖ ನೋಡಿದೆವು. ಅವರು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇದು ಬಸ್ಸು ಬರದ ದಿನದ್ದಲ್ವಾ? ಅವತ್ತು ಸ್ಕೂಟರಲ್ಲಿ ನಾನೇ ಬಿಟ್ಟಿದ್ದೆ. ದಾರಿ ಉದ್ದಕ್ಕೂ ಎರಡೂ ಕಡೆ ಹೀಗೇ ಇತ್ತು.”

“ಹೌದು ಅಬ್ಬಾ. ಅವತ್ತೇ ಬರ್ದಿದ್ದು.”

“ಅದೇ ಬೆಳಕು” ಎಂದರು. ನನ್ನ ಕಡೆ ತಿರುಗಿದರು. ದನಿ ಗಿರಾಕಿಗಳ ಹತ್ತಿರ ಮಾತಾಡುವ ಗ್ಯಾರೇಜಿನ ದನಿಯಾಗಿತ್ತು. “ಶಾಪ ಹೋಯ್ತಲ್ಲ ಮೇಘಮ್ಮ. ಇನ್ನು ಗಿಡಕ್ಕೂ ಸಮಾಧಾನ ಆಗ್ಬೇಕಲ್ಲ. ಒಂದೇ ಬಣ್ಣ ಇರ್ಲಿ. ಇದು ಸರಿ ಇದೆ.”

ನಾನು ಶಶಿಯಣ್ಣನನ್ನು ಕೇಳಲಿಲ್ಲ. ಆ ಚಿತ್ರವನ್ನು ಮಗುಚಿದೆ. ಮಾರ್ಚಿನಲ್ಲಿ ನಾನು ಹಾಕಿದ್ದ ಸೈನನ್ನು ಗೀಟು ಹೊಡೆದು, ಪೆನ್ನು ಅವರ ಕಡೆ ಚಾಚಿದೆ. “ಸರಿ ಇದೆ ಅಂದವರು ನೀವು. ನೀವೇ ಸೈನ್ ಹಾಕಿ ಸಾಬ್ರೆ.”

ಅವರು ಕೈಯನ್ನು ಮತ್ತೊಮ್ಮೆ ಪ್ಯಾಂಟಿಗೆ ಒರೆಸಿಕೊಂಡು, ಬಿಲ್ಲಿನ ಕೆಳಗೆ ಹಾಕುವ ಹಾಗೆ ದಪ್ಪಗೆ ಬರೆದರು. ಓಕೆ, ನಜೀರ್.

ಕೃತಿಕಾ, ನಿನ್ನ ಪಟ್ಟಿಗೆ ಬೇಕಾದರೆ ಇದನ್ನು ಸೇರಿಸಿಕೋ. ಅರವತ್ತನಾಲ್ಕರಲ್ಲಿ ಒಂದು ಚಿತ್ರದ ಚೆಕರ್ ನಾನಲ್ಲ, ಮೂಡಿಗೆರೆಯ ಒಬ್ಬ ಜೀಪ್ ಮೆಕ್ಯಾನಿಕ್. ಮದ್ರಾಸಿನವರು ಅದನ್ನೂ, ಉಳಿದವನ್ನೂ ತಕರಾರಿಲ್ಲದೆ ಒಪ್ಪಿಕೊಂಡರು. ಗಿಡ ಬಹಳ ಚೆನ್ನಾಗಿದೆ, ಯಾರ ಯೋಚನೆ ಎಂದು ಕಾಗದ ಬರೆದು ಕೇಳಿದ್ದರು. ಶಶಿಯಣ್ಣ ಉತ್ತರ ಬರೆಯಲೇ ಇಲ್ಲ.

ಆದರೆ ಆ ಶುಕ್ರವಾರ ನನಗೆ ಮದ್ರಾಸಿನ ಚಿಂತೆ ಆಗಲೇ ಹೋಗಿತ್ತು. ಪೆಟ್ಟಿಗೆ ಕಟ್ಟಿಯಾಗಿತ್ತು, ಆರು ಗಂಟೆಗೆ ಹತ್ತು ನಿಮಿಷ ಇತ್ತು. ಒಂದು ಕಂತು ಮುಗಿದಿತ್ತು, ಮಾತೂ ಅಷ್ಟಕ್ಕೇ ಇದ್ದದ್ದು. ಕರೀಮುನ್ನೀಸಾ ಬ್ರಶ್ಶುಗಳನ್ನು ತೊಳೆದು ಒರೆಸಿದಳು. ಭರಣಿಗೆ ಹಾಕಲಿಲ್ಲ. ಒಂದು ಹಳೆಯ ಬಟ್ಟೆ ಹಾಸಿ, ಎಲ್ಲವನ್ನೂ ಅದರಲ್ಲಿ ಸಾಲಾಗಿ ಇಟ್ಟು, ಸುರುಳಿ ಸುತ್ತಿ ದಾರ ಕಟ್ಟತೊಡಗಿದಳು. ನಾನು ನೋಡಲಾರದೆ ಪೆಟ್ಟಿಗೆಯ ಮೇಲೆ ವಿಳಾಸವನ್ನು ಎರಡನೆಯ ಸಲ ಬರೆದೆ.

ನಜೀರ್ ಸಾಬರು ಕೊಡೆ ಬಿಡಿಸುತ್ತಾ ಬಾಗಿಲಲ್ಲಿ ನಿಂತಿದ್ದವರು ತಿರುಗಿ ನೋಡಿದರು.

“ಅದನ್ನೆಂಥಕ್ಕೆ ಕಟ್ತಿದ್ದಿ? ಸೋಮವಾರ ಮತ್ತೆ ಹೊತ್ಕೊಂಡು ಬರ್ಬೇಕಲ್ಲ, ಮಳೇಲಿ. ಇಲ್ಲೇ ಇಡು.”

ಅವಳು ಗಂಟು ಬಿಚ್ಚಲು ಹೋದಳು, ದಾರ ಇನ್ನೂ ಬಿಗಿಯಾಯಿತು. ದ್ಯಾವಮ್ಮ ಬಂದು ಹಲ್ಲಿನಿಂದ ದಾರ ಕಡಿದುಕೊಟ್ಟಳು. ಒಂದೊಂದೇ ಬ್ರಶ್ಶು ಭರಣಿಗೆ ಬೀಳುವ ಸದ್ದನ್ನು ನಾನು ನಿಂತು ಎಣಿಸಿದೆ. ಹನ್ನೊಂದೂ ಬಿದ್ದವು.